ಅರ್ಧ ಬಳಿದ ಮರ

ಡ್ರೋನ್ ತೆಗೆದ ಆ ವಿಡಿಯೊ ಯಾವ ಊರಿನದೆಂದು ಯರೇಮಾನಿಗೆ ತಿಳಿಯಲಿಲ್ಲ. ಸೂರು ಹಾರಿಹೋದ ಮನೆಗಳೆಲ್ಲ ಒಂದೇ ಥರ ಕಾಣುತ್ತವೆ. ಉಕ್ರೇನ್ ಸೇನೆಯ ಪ್ರತಿದಾಳಿ ಎಲ್ಲಿಯವರೆಗೆ ಬಂತೆಂದು ದಿನವೂ ನಕ್ಷೆಗೆ ಬಣ್ಣ ತುಂಬುವುದು ಅವನ ಕೆಲಸ. ಜಾಗ ಖಚಿತವಾಗದೆ ರಷ್ಯನ್ನರ ಹಿಡಿತದ ಕೆಂಪನ್ನು ಉಕ್ರೇನಿನ ನೀಲಿ ಮಾಡುವಂತಿಲ್ಲ. ಮಾಲಾ ಬಾಲ್ಕಾ ಎಂಬ ಹಳ್ಳಿ ಇರಬಹುದೆಂಬ ಗುಮಾನಿಯಿಂದ, ಅದೇ ಊರಿನವಳಾದ ಅತ್ತೆ ಪರಾಸ್ಕಾಳನ್ನು ಕರೆದ.

ಯುದ್ಧ ಶುರುವಾದಾಗ ಕೀವ್‌ಗೆ ಓಡಿಬಂದವಳು ಇವನ ಮನೆಯಲ್ಲೇ ಇದ್ದಳು. ಗಂಡ ಒನುಫ್ರಿ ಮನೆ ಬಿಟ್ಟು ಬರಲೊಪ್ಪದೆ ಅಲ್ಲೇ ಉಳಿದಿದ್ದ. ರಷ್ಯನ್ನರು ಊರು ಹಿಡಿದ ಮೇಲೆ ಅವನ ಸುದ್ದಿಯೇ ಇಲ್ಲ. ಚಳಿಗಾಲಕ್ಕೆಂದು ಜಾಡಿಗಳಿಗೆ ಟೊಮ್ಯಾಟೊ ತುಂಬುತ್ತಿದ್ದವಳು ಕೈ ಒರೆಸಿಕೊಳ್ಳುತ್ತ ಬಂದು ಕೂತಳು.

"ಇದು ನಮ್ಮನೇನೇ," ಎಂದಳು.

ಸೂರಿರಲಿಲ್ಲ. ಯಾಕಾದರೂ ತೋರಿಸಿದೆನೋ ಎಂದು ಯರೇಮಾ ಪೇಚಾಡಿದ. ಅತ್ತೆ ಮಾತ್ರ ಗೇಟಿನ ಪಕ್ಕದ ಆಕ್ರೋಟ್ ಮರವನ್ನೇ ನೋಡುತ್ತಿದ್ದಳು. ಡ್ರೋನ್ ಅದನ್ನು ಸುತ್ತುವಾಗ ನಿಲ್ಲಿಸಲು ಹೇಳಿದಳು. ವಸಂತದಲ್ಲಿ ಈಸ್ಟರ್ ಹಬ್ಬಕ್ಕೆ ಮರಗಳ ಬುಡಕ್ಕೆ ಸುಣ್ಣ ಬಳಿಯುವುದು ಆ ಕಡೆಯ ವಾಡಿಕೆ. ಇದಕ್ಕೆ ರಸ್ತೆಯ ಕಡೆಯಷ್ಟೇ ಬಳಿದಿತ್ತು, ಹಿಂಬದಿ ಬೋಳು.

"ಸೋಮಾರಿ. ಈ ಈಸ್ಟರ್‌ಗೂ ಅರ್ಧವೇ ಬಳಿದಿದಾನೆ ನೋಡು. ಹಿಂದ್ಗಡೆ ಯಾರು ನೋಡ್ತಾರೆ ಅಂತಾನೆ."

ಹೋದ ವರ್ಷದ ಸುಣ್ಣವಾಗಿದ್ದರೆ ಹಿಮಕ್ಕೆ ತೊಳೆದುಹೋಗಿರುತ್ತಿತ್ತು ಎಂದು ಅವಳೇ ವಿವರಿಸಿದಳು. ಅಂದರೆ ಈ ವಸಂತದಲ್ಲಿ ಒನುಫ್ರಿ ಬದುಕಿದ್ದ. ಸೂರು ಹಾರಿದ್ದು ಅದಕ್ಕೆ ಮುಂಚೆಯೋ ಆಮೇಲೋ, ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಎದುರಿಗೆ ನಿಂತು ಅವನಿಗೆ ಚೆನ್ನಾಗಿ ಬೈಯಬೇಕೆಂದು ಅವಳ ಜೀವ ಹಾತೊರೆಯಿತು.

ನಮ್ಮವರು ಎಲ್ಲಿದ್ದಾರೆ ಎಂದು ಕೇಳಿದಳು. ಯರೇಮಾ ಪರದೆಯ ಮೇಲೆ ಹೊಲದಾಚೆಯ ಮರಗಳ ಸಾಲನ್ನು ತೋರಿಸಿದ. ಜಾಗ ಗೊತ್ತಾಯಿತು, ಆದರೆ ಊರು ಕೆಂಪಾಗಿಯೇ ಉಳಿಯಿತು. ಪ್ರಗತಿ ನಿಧಾನ, ಆದರೂ ಸಮಾಧಾನಕರ ಎಂದು ಬೆಳಿಗ್ಗೆಯಷ್ಟೇ ಟಿವಿಯವರಿಗೆ ಸಲೀಸಾಗಿ ಹೇಳಿದ್ದವನು ಈಗ ತಡವರಿಸಿದ.

"ಮಧ್ಯ ಎಲ್ಲಾ ನೆಲಬಾಂಬು, ಅತ್ತೆ. ಈ ಬೇಸಿಗೆಯಲ್ಲಿ ಅಲ್ಲಿವರೆಗೆ ಬಂದಿದ್ದೇ ದೊಡ್ಡದು. ಇನ್ನುಳಿದಿದ್ದಕ್ಕೆ ಎಷ್ಟು ದಿನವೋ, ಹೇಳಕ್ಕಾಗಲ್ಲ."

ಪರಾಸ್ಕಾ ಮರಗಳ ಸಾಲಿಗೂ ತನ್ನ ಗೇಟಿಗೂ ನಡುವೆ ಬೆರಳಿಟ್ಟಳು. ಆ ದೂರವೆಲ್ಲ ಬೆರಳಿನಡಿ ಮುಚ್ಚಿಹೋಯಿತು.

"ಅಲ್ಲಿ ನಿಂತು ಊಟಕ್ಕೆ ಬಾ ಅಂತ ಕೂಗಿದ್ರೆ ಅವನಿಗೆ ಕೇಳ್ಸುತ್ತೆ, ಮಗಾ."