ದನಿಯ ವಿಳಾಸ

ಕಂಪ್ಯೂಟರಿಗೆ ಆಜ್ಞೆ ಬರೆಯುವ ಟರ್ಮಿನಲ್ಲಿನ ಕಪ್ಪು ಕಿಟಕಿಯಲ್ಲಿ ಪಟಪಟನೆ ಮಾತಾಡುತ್ತಿದ್ದ ಪ್ರೋಗ್ರಾಂ, ಅಮ್ಮ ಟೈಪ್ ಮಾಡುವ ಎಡಿಟರಿನೊಳಗೆ ಬಂದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಿತ್ತು. ಅದೇ ಕಂಪ್ಯೂಟರು, ಅದೇ ಪ್ರೋಗ್ರಾಂ. ಮಗಳಿಗೆ ತಲೆ ಚಿಟ್ಟು ಹಿಡಿದಿತ್ತು.

ಗಂಟಲಿನ ಆಪರೇಷನ್ ಆದಮೇಲೆ ಅಮ್ಮನ ಮಾತು ನಿಂತುಹೋಗಿತ್ತು. ಮದುವೆಗೆ ಮುಂಚೆ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವಳು ಅವಳು. ಆ ಹಳೆಯ ಟೇಪುಗಳಿಂದ ದನಿಯನ್ನು ಎಳೆಎಳೆಯಾಗಿ ಬಿಡಿಸಿ ಅಮ್ಮ ಟೈಪ್ ಮಾಡಿದ್ದನ್ನು ಅದೇ ದನಿಯಲ್ಲಿ ಓದಿ ಹೇಳುವ ಹಾಗೆ ಮಗಳು ಕಂಪ್ಯೂಟರಿನಲ್ಲಿ ಕೂಡಿಸಿದ್ದಳು. ಅವಳಿಗೆ ಬೇಕಿದ್ದುದು ಇಷ್ಟೇ: ಅಮ್ಮ ಇನ್ನೊಮ್ಮೆ ತನ್ನನ್ನು 'ಗುಬ್ಬೀ' ಎಂದು ಕರೆಯಬೇಕು. ಆ ಕರೆ ಇಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಮಧ್ಯಾಹ್ನದ ಬಿಸಿಲು ಪರದೆಯಲ್ಲಿ ಸೋಸಿ ಬಂದು ಕೋಣೆಯೆಲ್ಲ ತಿಳಿಹಳದಿಯಾಗಿತ್ತು. ರಾತ್ರಿಪಾಳಿ ಮುಗಿಸಿ ನೇರ ಅತ್ತೆಯ ಮನೆಗೇ ಬಂದು ಸೋಫಾದ ಮೇಲೆ ನಿದ್ದೆಹೋಗಿದ್ದ ಅವಳ ಗಂಡ ನಿದ್ದೆಗಣ್ಣಲ್ಲೇ ತಟ್ಟನೆ ಎದ್ದು ಬರಿಗೋಡೆಯನ್ನು ತಡಕತೊಡಗಿದ.

"ಏನ್ರೀ ಹುಡುಕ್ತಿದೀರಾ?"

"ಸ್ವಿಚ್ಚು. ನಮ್ಮನೇಲಿ ಮಲಗಿದೀನಿ ಅಂದ್ಕೊಂಡೆ ಕಣೇ."

ಅಮ್ಮನ ಹೆಗಲು ನಗುವಿನಿಂದ ಕುಲುಕಿತು. ಮಗಳು ನಗಲಿಲ್ಲ. ಅರೆ, ಈ ಪ್ರೋಗ್ರಾಮಿನ ಕಥೆಯೂ ಅದೇ ಅಲ್ಲವೇ! ದನಿ ಯಾವ ಫೋಲ್ಡರಿನಲ್ಲಿದೆ ಎಂದು ಅವಳು ಬರೆದಿಟ್ಟಿದ್ದು ಟರ್ಮಿನಲ್ ತೆರೆದಾಗ, ಅದರೊಳಗೆ ಆಜ್ಞೆ ನಡೆಸುವ ಶೆಲ್ ಓದಿಕೊಳ್ಳುವ ಫೈಲಿನಲ್ಲಿ. ಅಮ್ಮ ತೆರೆಯ ಮೇಲಿನ ಪುಟ್ಟ ಚಿತ್ರ ಒತ್ತಿ ಎಬ್ಬಿಸುವ ಎಡಿಟರು ಆ ಫೈಲಿನ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಟರ್ಮಿನಲ್, ಎಡಿಟರು ಎರಡಕ್ಕೂ ಏನೇನು ಗೊತ್ತಿದೆ ಎಂದು ತೆರೆಯ ಮೇಲೆ ಪಕ್ಕಪಕ್ಕ ತರಿಸಿ ನೋಡಿದಳು. ಹೌದು, ಎಡಿಟರಿನ ಕಡೆ ದನಿಯ ವಿಳಾಸವೇ ಇಲ್ಲ. ಏಳುವಾಗಲೇ ಶೆಲ್ಲನ್ನು ಕೇಳಿಕೊಂಡು ಏಳು ಎಂದು ಅದಕ್ಕೆ ಒಂದು ಸಾಲು ಸೇರಿಸಿ, ಮುಚ್ಚಿ ತೆರೆದಳು.

"ಅಮ್ಮಾ, ಈಗ ನನ್ನ ಕರಿ ನೋಡೋಣ."

ಅಮ್ಮ ಒಂದೊಂದೇ ಕೀಲಿ ಒತ್ತಿದಳು.

"ಗುಬ್ಬೀ," ಎಂದಿತು ಕಂಪ್ಯೂಟರು.

ದನಿ ಅಮ್ಮನದೇ, ತುಂಬ ಎಳೆಯದು. ಆದರೆ ವಾರ್ತೆಯ ನಡುವೆ ಯಾವುದೋ ಊರಿನ ಹೆಸರು ಓದಿದಷ್ಟು ನಿರ್ಲಿಪ್ತವಾಗಿ ಹೇಳಿ ಸುಮ್ಮನಾಯಿತು. ಮಗಳ ಕಣ್ಣು ತುಂಬಿತು. ಸಂತೋಷಕ್ಕೋ ಸಂಕಟಕ್ಕೋ ಅವಳಿಗೇ ತಿಳಿಯಲಿಲ್ಲ.

"ನೀನು ಕರೆದ ಹಾಗೆ ಬರ್ಲಿಲ್ಲಮ್ಮ. ಇವಳು ಯಾರೋ ಬೇರೆಯವಳು," ಎಂದಳು.

ಅಮ್ಮ ಅವಳ ಕೆನ್ನೆ ಒರೆಸಿ ಮತ್ತೆ ಕೀಲಿಗಳ ಕಡೆ ತಿರುಗಿದಳು. ಸ್ವಲ್ಪ ಹೊತ್ತಿಗೆ ಆ ಎಳೆಯ ದನಿ ಹೇಳಿತು:

"ಬೇಜಾರ್ ಮಾಡ್ಕೋಬೇಡ ಕಣೇ. ಇವಳಿನ್ನೂ ನಿನ್ನ ಹೆತ್ತಿಲ್ಲ."