ಗುಡ್ಡದ ಮೇಲೆ ನಿಂತ ಗೆರೆ

"ಈ ನೀರು ತುಂಬಿದ ಪೈಪಲ್ಲಿ ಮಟ್ಟ ನೋಡೋಕೆ ಯಾರಿಗೆ ಬರುತ್ತೆ?" ವಿಶ್ವವಿದ್ಯಾಲಯದ ಭೂಗೋಳದ ಮೇಡಂ ಗುಡ್ಡದ ಇಳಿಜಾರಿನಲ್ಲಿ ನಿಂತು ಕೇಳಿದಾಗ ಇಪ್ಪತ್ತು ವಿದ್ಯಾರ್ಥಿಗಳಲ್ಲಿ ಮೇಲೆದ್ದದ್ದು ಒಂದೇ ಕೈ. ಅದು ಗಾರೆ ಕೆಲಸದವನ ಮಗಳದ್ದು. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳ ಪಾಠ ತಲೆಗೆ ಹತ್ತದೆ ಎರಡು ಸಲ ಫೇಲಾಗಿ, ಈ ಕ್ಷೇತ್ರಕಾರ್ಯ ಮುಗಿಯುತ್ತಲೇ ಓದು ಬಿಡುವುದೆಂದು ತೀರ್ಮಾನಿಸಿದ್ದವಳು ಅವಳು.

"ಅಪ್ಪ ಗೋಡೆ ಕಟ್ಟೋವಾಗ ನಾನೇ ಹಿಡೀತಿದ್ದೆ, ಮೇಡಂ. ಎರಡೂ ತುದೀಲಿ ನೀರು ನಿಂತಿರೋ ಕಡೆ ಮಟ್ಟ ಒಂದೇ."

"ಹಾಗಾದ್ರೆ ಇವರನ್ನೆಲ್ಲ ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲಿಸಮ್ಮ."

ಅವಳು ನೀರು ತುಂಬಿದ ಪೈಪು ಹಿಡಿದು ಒಬ್ಬೊಬ್ಬರನ್ನೇ ಸರಿಸುತ್ತ ಹೋದಳು. "ಏ ಲಂಬು, ಎರಡು ಹೆಜ್ಜೆ ಇಳಿ!" ತರಗತಿಯಲ್ಲಿ ತುಟಿಪಿಟಕ್ಕೆನ್ನದವಳ ಗತ್ತಿಗೆ ಎಲ್ಲರೂ ನಕ್ಕರು, ಆದರೂ ಹೇಳಿದಂತೆ ಕೇಳಿದರು. ಕೊನೆಯವಳನ್ನು ನಿಲ್ಲಿಸಿ ತಿರುಗಿ ನೋಡಿದವಳು ಹಾಗೇ ನಿಂತುಬಿಟ್ಟಳು. ಗೆಳೆಯರ ಸಾಲು ಹಳ್ಳ ಸಿಕ್ಕಲ್ಲಿ ಗುಡ್ಡದೊಳಕ್ಕೆ ಬಾಗಿತ್ತು, ದಿಣ್ಣೆ ಬಂದಲ್ಲಿ ಹೊರಕ್ಕೆ ಉಬ್ಬಿತ್ತು. ಪುಸ್ತಕದಲ್ಲಿ ಅವಳಿಗೆ ಅಳು ತರಿಸಿದ ಸೊಟ್ಟ ಗೆರೆ ಇದೇ!

"ಮೇಡಂ, ಗೆರೆ ಅಂದ್ರೆ ಇದೇನಾ? ಇಷ್ಟೇನಾ?"

"ಇಷ್ಟೇ ಕಣಮ್ಮ. ಬೋರ್ಡ್ ಮೇಲೆ ಮೂವತ್ತು ವರ್ಷ ಬರೆದೆ, ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಈಗ ಹೇಳು, ಈ ಗೆರೆ ಮೇಲೆ ನಾನೆಲ್ಲಿ ನಿಲ್ಲಲಿ?"

ಓದು ಬಿಡುವ ಯೋಚನೆ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಪೈಪು ಕೆಳಗಿಟ್ಟು, ಗುಡ್ಡದುದ್ದಕ್ಕೂ ಕಣ್ಣು ಹಾಯಿಸಿ, ಆಚೆಯ ಬಂಡೆಯ ಪಕ್ಕಕ್ಕೆ ಬೆರಳು ತೋರಿಸಿದಳು. ಮಂಡಿನೋವಿನ ಮೇಡಂ ಮುಳ್ಳುಗಿಡ ಸರಿಸಿಕೊಂಡು ಅಲ್ಲಿಗೆ ನಡೆದು, ಪಾಠ ಒಪ್ಪಿಸುವವರಂತೆ ನೆಟ್ಟಗೆ ನಿಂತರು.

"ಇಲ್ಲೇನಾ?"

"ಒಂದು ಹೆಜ್ಜೆ ಮೇಲೆ, ಮೇಡಂ."

ಮೇಡಂ ಒಂದು ಹೆಜ್ಜೆ ಮೇಲೆ ಹತ್ತಿದರು.