ಮೂರೂ ನಾಳ ಒಂದೇ ಸಮ

"ಮೊದಲ ಸ್ಕ್ಯಾನು ಹೃದಯದ ಒಂದು ಭಾಗವನ್ನ ಇನ್ನೊಂದರ ಜೊತೆ ಹೋಲಿಸಿ ನೋಡುತ್ತೆ ಅಷ್ಟೇ ಕಣಮ್ಮ," ಎಂದರು ಡಾಕ್ಟರು. "ನಿಮ್ಮ ಮೂರೂ ರಕ್ತನಾಳ ಒಂದೇ ಸಮ ಕಟ್ಟಿಕೊಂಡಿದ್ವು, ಅದಕ್ಕೇ ಎಲ್ಲ ಸರಿಯಾಗಿ ಕಾಣಿಸ್ತು. ಈ ಪೆಟ್ ಸ್ಕ್ಯಾನು ರಕ್ತದ ಹರಿವನ್ನೇ ಅಳೆಯುತ್ತೆ, ಸಿಕ್ಕಿಬಿತ್ತು."

ಬಟ್ಟೆ ಹೊಲಿಯುವ ಆಕೆಗೆ ಮೈಯೆಲ್ಲ ಉರಿದುಹೋಯಿತು. "ಎರಡೂ ತೋಳು ಒಂದೇ ಸಮ ಗಿಡ್ಡ ಹೊಲಿದು, ಜೋಡಿ ಸರಿಯಾಗಿದೆ ಅಂದ ಹಾಗಾಯ್ತು! ನಾನಾದ್ರೆ ಟೇಪು ಹಿಡೀತೀನಿ ಸ್ವಾಮಿ. ಎಂಟು ತಿಂಗಳಿಂದ ಎದೆ ನೋವು ಅಂದಾಗಲೆಲ್ಲ ಆ ರಿಪೋರ್ಟು ತೋರಿಸಿ, ನಾಟಕ ಅಂತಿದ್ರು ಇವರು!" ಎಂದು ಪಕ್ಕದಲ್ಲಿ ಕೂತಿದ್ದ ಗಂಡನತ್ತ ಕೈ ತೋರಿಸಿದಳು.

"ಬಿಡೇ, ಈಗ ಗೊತ್ತಾಯ್ತಲ್ಲ," ಎನ್ನುತ್ತ ಗಂಡ ಆಪರೇಷನ್ನಿನ ಒಪ್ಪಿಗೆ ಪತ್ರವನ್ನು ತನ್ನತ್ತ ಎಳೆದುಕೊಂಡು ಪೆನ್ನು ತೆಗೆದ.

"ಎದೆ ನಂದು. ಕೊಡಿ ಇಲ್ಲಿ."

ಕಿತ್ತುಕೊಂಡು ಸಹಿ ಒತ್ತಿದ ರಭಸಕ್ಕೆ ಕಾಗದ ಹರಿಯಿತು. ಡಾಕ್ಟರು ಇನ್ನೊಂದು ಪ್ರತಿಯನ್ನು ಅವಳ ಮುಂದಿಟ್ಟರು.